ತೆರೆಯ ಹಿಂದಿನ ಮೂರು ಅಂತಸ್ತು

(ಕನ್ನಡ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತಿನ ವಿಷಯದ ಹೆಸರು ಕೇಳುವುದಕ್ಕೆ ಸ್ವಲ್ಪ ಭಾರ. ಮಲ್ಟಿ-ಟಯರ್ ಅಪ್ಲಿಕೇಶನ್, ವೆಬ್ ಸರ್ವೀಸ್, ಡೇಟಾ ಆಕ್ಸೆಸ್. ಕನ್ನಡದಲ್ಲಿ ಹೇಳುವುದಾದರೆ ಹಲವು ಅಂತಸ್ತಿನ ತಂತ್ರಾಂಶ, ಯಂತ್ರ ಯಂತ್ರಗಳ ನಡುವಿನ ಮಾತುಕತೆ, ದಾಖಲೆಯನ್ನು ತೆಗೆಯುವ ಮತ್ತು ಇಡುವ ಕ್ರಮ. ಹೆಸರು ಕೇಳಿ ರೇಡಿಯೊ ಆರಿಸಬೇಡಿ. ಈ ಮಾತು ಎರಡು ಬಗೆಯ ಕೇಳುಗರಿಗೆ. ಮೊದಲನೆಯವರು, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬಂದು ಗಣಕ ಕೋರ್ಸಿಗೆ ಸೇರಿರುವ ಹುಡುಗ ಹುಡುಗಿಯರು. ಎರಡನೆಯವರು, ಆ ಕೋರ್ಸಿನ ಶುಲ್ಕ ಕಟ್ಟುತ್ತಿರುವ ತಂದೆ ತಾಯಂದಿರು. ಮಕ್ಕಳು ರಾತ್ರಿಯಿಡೀ ತೆರೆಯ ಮುಂದೆ ಕೂತು ಏನನ್ನು ಕಲಿಯುತ್ತಿದ್ದಾರೆ ಎಂದು ತಿಳಿದಿರುವುದು ಒಳ್ಳೆಯದಲ್ಲವೇ?

ಪುಣೆಗೂ ಗಣಕಕ್ಕೂ ಇರುವ ನಂಟು ಹಳೆಯದು. ಇನ್ಫೋಸಿಸ್ ಎಂದರೆ ನಾವೆಲ್ಲ ಬೆಂಗಳೂರು ಎನ್ನುತ್ತೇವೆ. ಆದರೆ 1981ರಲ್ಲಿ ಏಳು ಮಂದಿ ಸೇರಿ ಅದನ್ನು ಆರಂಭಿಸಿದ್ದು ಇದೇ ಪುಣೆಯಲ್ಲಿ, ಬೆಂಗಳೂರಿಗೆ ಹೋದದ್ದು 1983ರಲ್ಲಿ. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ 1988ರಲ್ಲಿ ಇಲ್ಲಿ ಹುಟ್ಟಿತು. ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ ಸೂಪರ್ ಕಂಪ್ಯೂಟರ್ ಸಿದ್ಧವಾಯಿತು. 1993ರಲ್ಲಿ ಅದೇ ಸಂಸ್ಥೆಯ ತರಬೇತಿ ಶಾಲೆ ಆರಂಭವಾಯಿತು. ಅಲ್ಲಿನ ಸುಮಾರು ಆರು ತಿಂಗಳ ಡಿಪ್ಲೊಮಾ ಕೋರ್ಸಿಗೆ ದೇಶದ ಎಲ್ಲ ಕಡೆಯಿಂದಲೂ ಪದವೀಧರರು ಬರುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಯಿಂದ ಬಂದಿಳಿಯುವ ನಮ್ಮ ಮಕ್ಕಳೂ ಅವರಲ್ಲಿ ಇದ್ದಾರೆ.

ಕಲಿಕೆಯ ಮಾತಿಗೆ ಬರುವ ಮೊದಲು ಕಲಿತ ವಿದ್ಯೆ ಎಲ್ಲಿ ಕೆಲಸಕ್ಕೆ ಬಂತು ಎಂದು ನೋಡೋಣ. ದೂರ ಹೋಗುವುದು ಬೇಡ, ನಿಮ್ಮ ಊರಿನ ಹೊಲದ ಪಹಣಿಯನ್ನೇ ತೆಗೆದುಕೊಳ್ಳಿ. ಕೆಲವರು ಅದನ್ನು ಉತಾರ ಎನ್ನುತ್ತೀರಿ, ಇಲ್ಲಿಯವರು ಸಾತ್‌ಬಾರಾ ಎನ್ನುತ್ತಾರೆ. ಪುಣೆಯಲ್ಲಿ ಮನೆ ಮಾಡಿಕೊಂಡಿದ್ದರೂ ಎಷ್ಟೋ ಕುಟುಂಬಗಳಿಗೆ ಊರಿನಲ್ಲಿ ನಾಲ್ಕು ಎಕರೆ ಇದ್ದೇ ಇರುತ್ತದೆ. ಆ ನಾಲ್ಕು ಎಕರೆ ನಿಮ್ಮದು ಎಂದು ಹೇಳುವುದು ಒಂದು ಸಾಲು ಬರಹ. ಹಿಂದೆ ಆ ಸಾಲು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ ಇರುತ್ತಿತ್ತು. ಕರ್ನಾಟಕದಲ್ಲಿ ಅಂಥ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಪುಸ್ತಕ ಅವರ ಬಳಿ, ಅವರು ಸಿಕ್ಕ ದಿನ ನಕಲು.

ಕರ್ನಾಟಕ ಸರ್ಕಾರದ ಭೂಮಿ ಯೋಜನೆ ಇದನ್ನು ಬದಲಿಸಿತು. 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 2002ರ ಹೊತ್ತಿಗೆ ಆಗಿದ್ದ 177 ತಾಲ್ಲೂಕುಗಳಲ್ಲಿಯೂ ಪಹಣಿ ಕಿಂಡಿಗಳು ತೆರೆದವು. ಆಗ ಒಂದು ಪ್ರತಿಗೆ 15 ರೂಪಾಯಿ. ಕಿಂಡಿಯಲ್ಲಿ ಎರಡು ತೆರೆಗಳನ್ನು ಇಟ್ಟಿದ್ದರು. ಒಂದು ಒಳಗೆ ಕೂತ ಸಿಬ್ಬಂದಿಗೆ, ಇನ್ನೊಂದು ಹೊರಗೆ ನಿಂತ ರೈತನಿಗೆ. ಒಳಗೆ ಬೆರಳೊತ್ತುವುದನ್ನು ರೈತನೂ ನೋಡಬಹುದಿತ್ತು. ಖಾತೆ ಬದಲಾವಣೆಯ ಅರ್ಜಿಗಳಿಗೆ ಮೊದಲು ಬಂದದ್ದು ಮೊದಲು ಎಂಬ ನಿಯಮ, ಪ್ರಭಾವ ಇದ್ದವರೂ ಸಾಲು ಜಿಗಿಯುವಂತಿಲ್ಲ. ಸಿಬ್ಬಂದಿ ಒಳಹೋಗಲು ಬೆರಳಚ್ಚು ಕೊಡಬೇಕಿತ್ತು. ಪಾಸ್‌ವರ್ಡನ್ನು ಯಾರೋ ಕದ್ದರು, ತಿದ್ದಿದ್ದು ನಾನಲ್ಲ ಎಂದು ಆಮೇಲೆ ಹೇಳುವುದಕ್ಕೆ ಆಗದಂತೆ.

ಈಗ ಗಮನಿಸಿ. ಈ ಕಥೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಎರಡು ತೆರೆಗಳು ಜನರಿಗೆ ಕಾಣುವ ಭಾಗ. ಮೊದಲು ಬಂದ ಅರ್ಜಿ ಮೊದಲು, ಯಾರು ಏನನ್ನು ತಿದ್ದಬಹುದು ಎಂಬುದು ನಿಯಮಗಳ ಭಾಗ. ಆ 2 ಕೋಟಿ ಸಾಲುಗಳು ದಾಖಲೆಯ ಭಾಗ. ನಿಮ್ಮ ಪಠ್ಯಪುಸ್ತಕ ಪ್ರೆಸೆಂಟೇಶನ್ ಟಯರ್, ಬಿಸಿನೆಸ್ ಟಯರ್, ಡೇಟಾ ಟಯರ್ ಎಂದು ಹೇಳುವುದು ಇದನ್ನೇ. ಕಂಪ್ಯೂಟರ್ ಬರುವ ಮುಂಚೆಯೂ ಕಚೇರಿಗಳಲ್ಲಿ ಇದು ಇತ್ತು. ಕಿಂಡಿಯ ಗುಮಾಸ್ತರು, ಸಹಿ ಹಾಕುವ ಅಧಿಕಾರಿ, ಒಳಗಿನ ದಫ್ತರದ ಕೋಣೆ. ಗುಮಾಸ್ತರು ದಫ್ತರಕ್ಕೆ ನೇರವಾಗಿ ಕೈ ಹಾಕುವಂತಿರಲಿಲ್ಲ. ಹಾಗೆ ಕೈ ಹಾಕಿದ ಕಡೆಯಲ್ಲೆಲ್ಲ ಏನಾಗುತ್ತಿತ್ತು ಎಂದು ನಿಮಗೆ ಗೊತ್ತು.

ಹಾಗಾದರೆ ಮೂರು ಅಂತಸ್ತು ಯಾಕೆ ಬೇಕು, ಎರಡು ಸಾಲದೇ? ಒಳ್ಳೆಯ ಪ್ರಶ್ನೆ. 1990ರ ದಶಕದ ಹೆಚ್ಚಿನ ಕಚೇರಿ ತಂತ್ರಾಂಶಗಳು ಎರಡೇ ಅಂತಸ್ತಿನವು. ಮೇಜಿನ ಮೇಲಿನ ಯಂತ್ರದಲ್ಲಿ ತೆರೆಯೂ ನಿಯಮವೂ ಸೇರಿದ ಒಂದು ಪ್ರೋಗ್ರಾಂ, ಒಳಗಿನ ಯಂತ್ರದಲ್ಲಿ ಡೇಟಾಬೇಸ್. ಹತ್ತು ಜನರ ಕಚೇರಿಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಆಕ್ಷೇಪಣೆ ಸಲ್ಲಿಸುವ ಅವಧಿಯನ್ನು ಸರ್ಕಾರ ಬದಲಾಯಿಸಿತು ಎಂದುಕೊಳ್ಳಿ. ನಿಯಮ ಪ್ರತಿ ಮೇಜಿನ ಯಂತ್ರದಲ್ಲಿಯೂ ಇದ್ದರೆ, ಒಬ್ಬರು ಊರೂರು ತಿರುಗಿ ಎಲ್ಲ ಯಂತ್ರಗಳಿಗೂ ಹೊಸ ಪ್ರೋಗ್ರಾಂ ಹಾಕಬೇಕು. ಅವರು ಅರ್ಧ ದಾರಿಯಲ್ಲಿ ಇರುವಾಗ ಒಂದು ತಾಲ್ಲೂಕಿಗೆ ಹಳೆಯ ನಿಯಮ, ಪಕ್ಕದ ತಾಲ್ಲೂಕಿಗೆ ಹೊಸದು. ನಿಯಮವನ್ನು ನಡುವಿನ ಒಂದು ಸರ್ವರಿನಲ್ಲಿ ಇಟ್ಟರೆ ಒಂದೇ ಕಡೆ ಬದಲಾಯಿಸಿದರೆ ಸಾಕು, ಎಲ್ಲರಿಗೂ ಒಂದೇ ಕ್ಷಣದಲ್ಲಿ ಹೊಸ ನಿಯಮ.

ಇನ್ನೂ ಒಂದು ಕಾರಣವಿದೆ. ತೆರೆ ಬದಲಾಗುತ್ತಲೇ ಇರುತ್ತದೆ. ಮೊದಲು ಕಿಂಡಿಯ ಕಂಪ್ಯೂಟರ್, ಆಮೇಲೆ ಮನೆಯ ಬ್ರೌಸರ್, ಈಗ ಕೈಯಲ್ಲಿನ ಮೊಬೈಲ್. ಪ್ರತಿ ಸಲವೂ ನಿಯಮಗಳನ್ನು ಹೊಸದಾಗಿ ಬರೆಯಲು ಕೂತರೆ ಎಲ್ಲೋ ಒಂದು ಕಡೆ ತಪ್ಪು ನುಸುಳುತ್ತದೆ. ನಿಯಮ ನಡುವೆ ಇದ್ದರೆ ಎಷ್ಟು ತೆರೆಗಳು ಬಂದರೂ ಅದನ್ನೇ ಕೇಳಿಕೊಂಡು ಕೆಲಸ ಮಾಡುತ್ತವೆ.

ಇಲ್ಲಿಗೆ ವೆಬ್ ಸರ್ವೀಸ್ ಬರುತ್ತದೆ. ಪುಣೆಯ ಕನ್ನಡಿಗರಿಗೆ ಕಾವೇರಿ ಎಂದರೆ ಕನ್ನಡ ಸಂಘದ ಶಾಲೆ ಕಾಲೇಜುಗಳು ನೆನಪಾಗುತ್ತವೆ. ಕರ್ನಾಟಕದ ನೋಂದಣಿ ಇಲಾಖೆಯಲ್ಲಿ ಕಾವೇರಿ ಎಂಬುದು ಒಂದು ತಂತ್ರಾಂಶದ ಹೆಸರು. ಜಮೀನು ಮಾರಾಟ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕಾವೇರಿಯ ಮೂಲಕ ದಾಖಲಾಗುತ್ತದೆ. ಖಾತೆ ಬದಲಾಗಬೇಕಾದದ್ದು ಕಂದಾಯ ಇಲಾಖೆಯ ಭೂಮಿಯಲ್ಲಿ. ಇಲಾಖೆ ಬೇರೆ, ತಂತ್ರಾಂಶ ಬೇರೆ, ಡೇಟಾಬೇಸ್ ಬೇರೆ. ಇವೆರಡೂ ಮಾತನಾಡದಿದ್ದರೆ ಏನಾಗುತ್ತದೆ? ಒಬ್ಬ ಮನುಷ್ಯ ಒಂದೇ ಹೊಲವನ್ನು ಬೆಳಿಗ್ಗೆ ಒಬ್ಬರಿಗೆ, ವಾರದ ನಂತರ ಇನ್ನೊಬ್ಬರಿಗೆ ಮಾರಲು ಸಾಧ್ಯ. ಪಹಣಿಯಲ್ಲಿ ಇನ್ನೂ ಅವನ ಹೆಸರೇ ಇರುತ್ತದಲ್ಲ! ಹಾಗಾಗಿ ಮುಂದೆ ಇವೆರಡನ್ನೂ ಜೋಡಿಸಲಾಯಿತು. ನೋಂದಣಿಯಾದ ಸುದ್ದಿ ಭೂಮಿಗೆ ಹೋಗಿ ಅಲ್ಲಿ ಖಾತೆ ಬದಲಾವಣೆಯ ಕೆಲಸ ಆರಂಭವಾಗುತ್ತದೆ.

ಒಂದು ಯಂತ್ರ ಇನ್ನೊಂದು ಯಂತ್ರವನ್ನು ಅಂತರ್ಜಾಲದ ಮೂಲಕ ಕೇಳುವ ಪ್ರಶ್ನೆ, ಅದಕ್ಕೆ ಬರುವ ಉತ್ತರ, ಎರಡಕ್ಕೂ ಮೊದಲೇ ಒಪ್ಪಿಕೊಂಡ ಒಂದು ನಮೂನೆ. ವೆಬ್ ಸರ್ವೀಸ್ ಎಂದರೆ ಇಷ್ಟೇ. ಆ ನಮೂನೆ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಎಕ್ಸ್‌ಎಂಎಲ್ ಎಂಬ ಬರಹ ಕ್ರಮ 1998ರಲ್ಲಿ ಜಾಗತಿಕ ಮಾನಕವಾಯಿತು. ಅದನ್ನು ಬಳಸಿ ಸೋಪ್ ಎಂಬ ಪದ್ಧತಿ ಬಂತು. ಹೆಸರು ಸೋಪ್ ಆದರೂ ಅದು ಲಕೋಟೆಯಿದ್ದಂತೆ, ಹೊರಗೆ ವಿಳಾಸ, ಒಳಗೆ ಕಾಗದ. ರಾಯ್ ಫೀಲ್ಡಿಂಗ್ ಎಂಬುವರು 2000ರಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ರೆಸ್ಟ್ ಎಂಬ ಹಗುರವಾದ ವಿಧಾನವನ್ನು ವಿವರಿಸಿದರು. ಜೊತೆಗೆ ಜೇಸನ್ ಎಂಬ ಚಿಕ್ಕ ನಮೂನೆ ಜನಪ್ರಿಯವಾಯಿತು. ಇಂದಿನ ಹೊಸ ಕೆಲಸಗಳಲ್ಲಿ ಹೆಚ್ಚಾಗಿ ಕಾಣುವುದು ಈ ಕೊನೆಯ ಎರಡು. ಹಾಗೆಂದು ಸೋಪ್ ಸತ್ತಿಲ್ಲ, ದೊಡ್ಡ ದೊಡ್ಡ ಸಂಸ್ಥೆಗಳ ಹಳೆಯ ವ್ಯವಸ್ಥೆಗಳಲ್ಲಿ ಇನ್ನೂ ದುಡಿಯುತ್ತಿದೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ನಿಮ್ಮ ಎದುರಿಗೆ ಬಂದರೆ ಗಾಬರಿಯಾಗಬೇಡಿ.

ನಮೂನೆ ಒಪ್ಪಿಕೊಳ್ಳುವುದು ಎಂದೆ. ಇದರಲ್ಲಿ ಸಣ್ಣ ವಿಷಯವೇ ದೊಡ್ಡದಾಗುತ್ತದೆ. 03-04 ಎಂದು ಬರೆದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಅದಕ್ಕೆ ಯಂತ್ರಗಳ ನಡುವೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿಯೇ ಕಳಿಸುವ ರೂಢಿ ಇಟ್ಟುಕೊಳ್ಳಿ. ತೆರೆಯ ಮೇಲೆ ಹೇಗೆ ಬೇಕಾದರೂ ತೋರಿಸಬಹುದು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಉತ್ತರವೇ ಬರದಿದ್ದರೆ? ಮೊಬೈಲಿನಲ್ಲಿ ಹಣ ಕಳಿಸಿದಿರಿ, ಚಕ್ರ ತಿರುಗುತ್ತಲೇ ಇದೆ, ಹಣ ಹೋಯಿತೋ ಇಲ್ಲವೋ ಗೊತ್ತಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಇದು ಎಲ್ಲರಿಗೂ ಪರಿಚಿತ ಅನುಭವ. ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಿಲ್ಲ ಎಂದು ಅರ್ಥವಲ್ಲ. ಕೆಲಸ ಆಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಆಗ ಪ್ರೋಗ್ರಾಂ ಕಣ್ಣುಮುಚ್ಚಿ ಮತ್ತೆ ಕಳಿಸಿದರೆ ಎರಡು ಸಲ ಹಣ ಹೋಗುತ್ತದೆ. ಇದಕ್ಕೆ ಪರಿಹಾರ, ಪ್ರತಿ ಕೋರಿಕೆಗೂ ರಿಜಿಸ್ಟರ್ಡ್ ಪೋಸ್ಟಿನ ಹಾಗೆ ಒಂದು ವಿಶಿಷ್ಟ ಸಂಖ್ಯೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಆ ಕಡೆಯ ಯಂತ್ರ ಹೊಸದಾಗಿ ಕೆಲಸ ಮಾಡುವುದಿಲ್ಲ, ಹಿಂದೆ ಕೊಟ್ಟ ಉತ್ತರವನ್ನೇ ಮತ್ತೆ ಕೊಡುತ್ತದೆ. ಸಂದರ್ಶನದಲ್ಲಿ ಇದನ್ನು ನಾಲ್ಕು ಮಾತಿನಲ್ಲಿ ಹೇಳಬಲ್ಲ ಅಭ್ಯರ್ಥಿಯನ್ನು ಯಾರೂ ಸುಮ್ಮನೆ ಕಳಿಸುವುದಿಲ್ಲ.

ಈಗ ಕೆಳಗಿನ ಅಂತಸ್ತಿಗೆ ಇಳಿಯೋಣ. ದಾಖಲೆಗಳನ್ನು ಕೋಷ್ಟಕಗಳಾಗಿ ಜೋಡಿಸಿಡುವ ರಿಲೇಶನಲ್ ವಿಧಾನವನ್ನು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಆ ಕೋಷ್ಟಕಗಳನ್ನು ಪ್ರಶ್ನಿಸುವ ಎಸ್‌ಕ್ಯೂಎಲ್ ಭಾಷೆಯ ಮೊದಲ ರೂಪ 1974ರಲ್ಲಿ ಬಂತು. ಅರ್ಧ ಶತಮಾನ ಕಳೆದಿದೆ. ಜಾವಾ ಬಂತು, ಡಾಟ್‌ನೆಟ್ 2002ರಲ್ಲಿ ಬಂತು, ಹೈಬರ್ನೇಟ್, ಸ್ಪ್ರಿಂಗ್, ಎಂಟಿಟಿ ಫ್ರೇಮ್‌ವರ್ಕ್ ಬಂದವು. ಮೇಲಿನ ಅಂತಸ್ತುಗಳಲ್ಲಿ ಬಾಡಿಗೆದಾರರು ಬದಲಾಗುತ್ತಲೇ ಇದ್ದಾರೆ. ಕೆಳಗಿನ ಮನೆಯಲ್ಲಿ ಎಸ್‌ಕ್ಯೂಎಲ್ ಮಾತ್ರ ಹಾಗೆಯೇ ಕೂತಿದೆ. ಆರು ತಿಂಗಳ ಕೋರ್ಸಿನಲ್ಲಿ ಯಾವುದಕ್ಕೆ ಹೆಚ್ಚು ಸಮಯ ಕೊಡಬೇಕು ಎಂದು ಕೇಳಿದರೆ ನನ್ನ ಉತ್ತರ ಇದೇ. ಹೆಚ್ಚಿನ ವಿದ್ಯಾರ್ಥಿಗಳು ಬಣ್ಣದ ತೆರೆಯಿಂದ ಶುರುಮಾಡುತ್ತಾರೆ, ಯಾಕೆಂದರೆ ಅದು ಬೇಗ ಕಣ್ಣಿಗೆ ಕಾಣುತ್ತದೆ. ನೀವು ದಾಖಲೆಯಿಂದ ಶುರುಮಾಡಿ. ತೆರೆ ಕೆಟ್ಟರೆ ನಾಳೆ ಸರಿಮಾಡಬಹುದು. ದಾಖಲೆ ಕೆಟ್ಟರೆ ಯಾರದೋ ಹೊಲ, ಯಾರದೋ ಪಿಂಚಣಿ, ಯಾರದೋ ಅಂಕಪಟ್ಟಿ ಕೆಡುತ್ತದೆ.

ಮಾತು ಗಾಳಿಯಲ್ಲಿ ಉಳಿಯಬಾರದು. ಒಂದು ಪುಟ್ಟ ಅಭ್ಯಾಸ ಹೇಳುತ್ತೇನೆ, ಪೆನ್ನು ಕಾಗದ ಇದ್ದರೆ ಬರೆದುಕೊಳ್ಳಿ. ನಿಮ್ಮ ಬಡಾವಣೆಯ ನಾಲ್ಕಾರು ಕನ್ನಡ ಕುಟುಂಬಗಳು ಪುಸ್ತಕ ಹಂಚಿಕೊಂಡು ಓದುತ್ತಾರೆ ಎಂದಿಟ್ಟುಕೊಳ್ಳಿ. ಅವರಿಗಾಗಿ ಒಂದು ಗ್ರಂಥಾಲಯ ತಂತ್ರಾಂಶ. ಎಂಟು ವಾರ ಸಾಕು.

ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟುವುದು ಕಡಿಮೆ ಇರಲಿ. ಕಾಗದದ ಮೇಲೆ ಕೋಷ್ಟಕ ಬರೆಯಿರಿ. ಸದಸ್ಯರು, ಪುಸ್ತಕಗಳು, ಎರವಲು. ಅಷ್ಟೇ ಸಾಕೇ? ಒಂದೇ ಕಾದಂಬರಿಯ ಮೂರು ಪ್ರತಿಗಳಿದ್ದರೆ ಎರವಲು ಹೋದದ್ದು ಯಾವುದು? ಹಾಗಾಗಿ ಪುಸ್ತಕ ಬೇರೆ, ಪ್ರತಿ ಬೇರೆ, ನಾಲ್ಕನೆಯ ಕೋಷ್ಟಕ ಬೇಕು. ಇಂಥ ಪ್ರಶ್ನೆಗಳು ಕಾಗದದ ಮೇಲೆ ಎದ್ದರೆ ಅಳಿಸಿ ಬರೆಯಲು ರಬ್ಬರ್ ಸಾಕು. ಎಲ್ಲ ಕಟ್ಟಿದ ಮೇಲೆ ಎದ್ದರೆ ಮೂರು ಅಂತಸ್ತನ್ನೂ ಒಡೆಯಬೇಕು. ಆಮೇಲೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಹಾಕಿಕೊಳ್ಳಿ, ಎರಡೂ ಉಚಿತವಾಗಿ ಸಿಗುತ್ತವೆ. ಕೋಷ್ಟಕ ಕಟ್ಟಿ, ಕೈಯಿಂದಲೇ ಎಸ್‌ಕ್ಯೂಎಲ್ ಬರೆದು ಪ್ರಶ್ನೆ ಕೇಳಿ.

ಮೂರನೆಯ ವಾರ ಡೇಟಾ ಆಕ್ಸೆಸ್. ಅಂದರೆ ನಿಮ್ಮ ಜಾವಾ ಅಥವಾ ಸಿ-ಶಾರ್ಪ್ ಪ್ರೋಗ್ರಾಂ ಡೇಟಾಬೇಸಿನ ಬಾಗಿಲು ತಟ್ಟುವ ಭಾಗ. ಇಲ್ಲಿ ಮೂರು ಎಚ್ಚರಿಕೆ. ಒಂದು, ಬಾಗಿಲು ತೆರೆದವರೇ ಮುಚ್ಚಬೇಕು. ಡೇಟಾಬೇಸಿನ ಸಂಪರ್ಕಗಳು ಎಣಿಕೆಯವು. ಡಾಟ್‌ನೆಟ್ಟಿನಲ್ಲಿ ಎಸ್‌ಕ್ಯೂಎಲ್ ಸರ್ವರಿಗೆ ನೀವೇನೂ ಬದಲಾಯಿಸದಿದ್ದರೆ ಒಂದು ಸಂಪರ್ಕ ಸಮೂಹದಲ್ಲಿ ಗರಿಷ್ಠ 100. ಮುಚ್ಚದೆ ಬಿಟ್ಟರೆ ನೂರಾ ಒಂದನೆಯವರು ಹೊರಗೆ ಕಾಯುತ್ತಾ ನಿಲ್ಲುತ್ತಾರೆ. ಮನೆಯಲ್ಲಿ ಒಬ್ಬರೇ ಪರೀಕ್ಷಿಸುವಾಗ ಇದು ತಿಳಿಯುವುದೇ ಇಲ್ಲ.

ಎರಡು, ಬಳಕೆದಾರರು ಬರೆದದ್ದನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ನೇರವಾಗಿ ಅಂಟಿಸಬೇಡಿ. ಮಂಗಳೂರು ಕಡೆಯ ಡಿ'ಸೋಜಾ ಅವರು ಸದಸ್ಯರಾಗಲು ಬಂದರು ಎನ್ನಿ. ಅವರ ಹೆಸರಿನ ನಡುವೆ ಒಂದು ಚಿಕ್ಕ ಗುರುತಿದೆಯಲ್ಲ, ಎಸ್‌ಕ್ಯೂಎಲ್‌ನಲ್ಲಿ ಪಠ್ಯ ಮುಗಿಯಿತು ಎಂದು ಹೇಳುವುದೂ ಅದೇ ಗುರುತು. ಪ್ರೋಗ್ರಾಂ ಅಲ್ಲೇ ಮುಗ್ಗರಿಸುತ್ತದೆ. ಒಳ್ಳೆಯವರು ಬಂದರೆ ಮುಗ್ಗರಿಸುತ್ತದೆ, ಕಿಡಿಗೇಡಿ ಬಂದರೆ ಅದೇ ಗುರುತಿನ ಹಿಂದೆ ತನ್ನ ಆಜ್ಞೆಯನ್ನು ಸೇರಿಸಿ ಇಡೀ ಕೋಷ್ಟಕವನ್ನೇ ಅಳಿಸಬಹುದು. ವಾಕ್ಯವನ್ನು ಮೊದಲೇ ಸಿದ್ಧಪಡಿಸಿ, ಹೆಸರನ್ನು ಬೇರೆಯಾಗಿ ಕೊಡುವ ಪ್ಯಾರಾಮೀಟರ್ ವಿಧಾನ ಎಲ್ಲ ಭಾಷೆಗಳಲ್ಲಿಯೂ ಇದೆ. ಮೊದಲ ದಿನದಿಂದ ಅದನ್ನೇ ಅಭ್ಯಾಸ ಮಾಡಿಕೊಳ್ಳಿ.

ಮೂರು, ಎಷ್ಟು ಸಲ ಬಾಗಿಲು ತಟ್ಟುತ್ತೀರಿ ಎಂದು ಎಣಿಸಿ. 40 ಎರವಲುಗಳ ಪಟ್ಟಿ ತರಲು ಒಂದು ಪ್ರಶ್ನೆ, ಆಮೇಲೆ ಪ್ರತಿಯೊಂದಕ್ಕೂ ಸದಸ್ಯರ ಹೆಸರು ಕೇಳಲು ಇನ್ನೊಂದೊಂದು ಪ್ರಶ್ನೆ. ಒಟ್ಟು 41. ನೂರು ಜನ ಒಟ್ಟಿಗೆ ಆ ಪುಟ ತೆರೆದರೆ 4,100. ಎರಡು ಕೋಷ್ಟಕಗಳನ್ನು ಜೋಡಿಸುವ ಒಂದೇ ಪ್ರಶ್ನೆಯಲ್ಲಿ ಇದೆಲ್ಲ ಬರುತ್ತಿತ್ತು. ಹೈಬರ್ನೇಟಿನಂಥ ಸಲಕರಣೆಗಳು ಎಸ್‌ಕ್ಯೂಎಲ್ಲನ್ನು ತಾವೇ ಬರೆದುಕೊಡುತ್ತವೆ, ಸುಲಭ ನಿಜ. ಆದರೆ ಏನು ಬರೆದವು ಎಂದು ನೋಡುವ ಅಭ್ಯಾಸವಿಲ್ಲದಿದ್ದರೆ ಈ 41 ನಿಮಗೆ ಕಾಣುವುದೇ ಇಲ್ಲ.

ನಾಲ್ಕನೆಯ ವಾರ ನಡುವಿನ ಅಂತಸ್ತು. ಒಬ್ಬರಿಗೆ ಎಷ್ಟು ಪುಸ್ತಕ, ಎಷ್ಟು ದಿನ, ತಡವಾದರೆ ಏನು ಎಂಬ ನಿಯಮಗಳು ಇಲ್ಲಿ. ಒಂದು ಸಂದರ್ಭ ಯೋಚಿಸಿ. ಒಂದೇ ಪ್ರತಿ ಉಳಿದಿದೆ. ಕೊಥರೂಡಿನಲ್ಲಿ ಒಬ್ಬರು, ಹಡಪ್ಸರಿನಲ್ಲಿ ಒಬ್ಬರು, ಇಬ್ಬರೂ ಒಂದೇ ಕ್ಷಣದಲ್ಲಿ ಗುಂಡಿ ಒತ್ತಿದರು. ಪ್ರೋಗ್ರಾಂ ಮೊದಲು ನೋಡುತ್ತದೆ, ಪ್ರತಿ ಇದೆಯೇ? ಇಬ್ಬರಿಗೂ ಇದೆ ಎಂದೇ ಉತ್ತರ ಬರುತ್ತದೆ. ಆಮೇಲೆ ಇಬ್ಬರಿಗೂ ಬರೆದುಕೊಡುತ್ತದೆ. ಒಂದೇ ಪುಸ್ತಕ, ಇಬ್ಬರು ಓದುಗರು! ರೈಲಿನ ಕೊನೆಯ ಸೀಟಿಗೂ, ಒಂದೇ ಹೊಲದ ಎರಡು ಮಾರಾಟಕ್ಕೂ ಇದೇ ಲೆಕ್ಕ. ನೋಡುವುದು ಮತ್ತು ಬರೆಯುವುದು ಬಿಡಿಸಲಾಗದ ಒಂದೇ ಕೆಲಸವಾಗಬೇಕು. ಹಿಂದಿರುಗದ ಪ್ರತಿಗೆ ಎರಡನೆಯ ಎರವಲು ಸಾಲು ಇರಕೂಡದು ಎಂಬ ನಿರ್ಬಂಧವನ್ನು ಡೇಟಾಬೇಸಿಗೇ ಹೇಳಿಡಿ, ಮೇಲಿನವರು ಮರೆತರೂ ಕೆಳಗಿನವರು ಕಾಯುತ್ತಾರೆ.

ಟ್ರಾನ್ಸಾಕ್ಷನ್ ಎಂಬ ಪದ ಇಲ್ಲಿಗೆ ಸೇರಿದ್ದು. ನಾಲ್ಕು ಹೆಜ್ಜೆಯ ಕೆಲಸ ಪೂರ್ತಿಯಾಗಬೇಕು, ಇಲ್ಲವೇ ಏನೂ ಆಗಿರಬಾರದು, ನಡುವೆ ಕರೆಂಟು ಹೋದರೂ ಸರಿ. ಇದರ ಶಾಸ್ತ್ರವನ್ನು ಕಟ್ಟಿದವರಲ್ಲಿ ಮುಖ್ಯರಾದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ನೀವು ಎಟಿಎಂನಿಂದ ಹಣ ತೆಗೆಯುವಾಗಲೆಲ್ಲ ಅವರ ವಿದ್ಯೆ ನಿಮ್ಮನ್ನು ಕಾಯುತ್ತಿರುತ್ತದೆ.

ಐದು ಮತ್ತು ಆರನೆಯ ವಾರ, ನಿಯಮಗಳ ಮೇಲೆ ವೆಬ್ ಸರ್ವೀಸಿನ ಬಾಗಿಲು ಇಡಿ. ಪುಸ್ತಕ ಹುಡುಕು, ಎರವಲು ಕೊಡು, ಹಿಂದೆ ಪಡೆ, ಈ ಮೂರು ಸೇವೆ ಸಾಕು. ಇನ್ನೂ ತೆರೆ ಇಲ್ಲ ಎಂಬುದನ್ನು ಗಮನಿಸಿ. ಪೋಸ್ಟ್‌ಮ್ಯಾನ್‌ನಂಥ ಉಪಕರಣದಿಂದ ಕೇಳಿ, ಉತ್ತರ ನೋಡಿ. ಆಗ ಒಂದು ದೊಡ್ಡ ಸತ್ಯ ತಿಳಿಯುತ್ತದೆ. ತೆರೆಯಿಲ್ಲದೆಯೇ ಸೇವೆಯನ್ನು ಕರೆಯಬಹುದು ಎಂದಾದರೆ, ತೆರೆಯಲ್ಲಿ ಮಾತ್ರ ಹಾಕಿದ ತಪಾಸಣೆಯನ್ನು ಯಾರು ಬೇಕಾದರೂ ದಾಟಬಹುದು. ತೆರೆಯ ತಪಾಸಣೆ ಬಳಕೆದಾರರ ಅನುಕೂಲಕ್ಕೆ, ನಿಜವಾದ ತಪಾಸಣೆ ಒಳಗೆ ಇರಲೇಬೇಕು.

ಏಳನೆಯ ವಾರ ತೆರೆ ಕಟ್ಟಿ. ಕನ್ನಡದಲ್ಲೇ ಕಟ್ಟಿ. ಇಲ್ಲೊಂದು ಪಾಠ ಕಾದಿದೆ. ಪುಣೆ ಎಂದು ಕನ್ನಡದಲ್ಲಿ ಬರೆದರೆ ನಮಗೆ ಎರಡಕ್ಷರ. ಯೂನಿಕೋಡಿನಲ್ಲಿ ಪ, ಉಕಾರ, ಣ, ಎಕಾರ ಎಂದು ನಾಲ್ಕು ಸಂಕೇತ. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದಕ್ಕೆ ಮೂರು ಬೈಟ್, ಒಟ್ಟು 12. ಇಂಗ್ಲಿಷಿನ ಅಳತೆಯಲ್ಲಿ ಜಾಗ ಲೆಕ್ಕ ಹಾಕಿದ ಕಡೆ ನಮ್ಮ ಉದ್ದದ ಹೆಸರುಗಳು ಅರ್ಧಕ್ಕೆ ಕತ್ತರಿಸಿ ಹೋಗುವುದು ಇದಕ್ಕೇ. ಯೂನಿಕೋಡ್ ಅಲ್ಲದ ಕಾಲಮ್ಮಿನಲ್ಲಿ ಇಟ್ಟರಂತೂ ಪುಣೆ ಹೋಗಿ ನಾಲ್ಕು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಬರಹ, ನುಡಿ ತಂತ್ರಾಂಶಗಳಲ್ಲಿ ಯೂನಿಕೋಡಿಗೆ ಮೊದಲಿನ ಕ್ರಮದಲ್ಲಿ ಬರೆದಿಟ್ಟ ಹಳೆಯ ಪಟ್ಟಿಗಳು ನಿಮ್ಮ ಕೈಗೆ ಬಂದರೆ ಮೊದಲು ಪರಿವರ್ತಿಸಿಕೊಳ್ಳಿ. ಆ ಅಕ್ಷರಗಳು ತಮ್ಮ ಫಾಂಟಿನಲ್ಲಿ ಮಾತ್ರ ಕನ್ನಡ, ಡೇಟಾಬೇಸಿನ ಕಣ್ಣಿಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಭಾರತೀಯ ಭಾಷೆಗಳ ಗಣಕ ಬಳಕೆಗೆ ಸಿ-ಡ್ಯಾಕಿನ ಜಿಸ್ಟ್ ತಂಡ ವರ್ಷಾನುಗಟ್ಟಲೆ ದುಡಿದದ್ದು ಇದೇ ಪುಣೆಯಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಎಂಟನೆಯ ವಾರ, ಕಟ್ಟಿದ್ದನ್ನು ಕೆಡಿಸಲು ಪ್ರಯತ್ನಿಸಿ. ನಡುವೆ ಡೇಟಾಬೇಸ್ ನಿಲ್ಲಿಸಿ. ಎರವಲು ಕೊಡುವಾಗ ತಂತಿ ಕೀಳಿ. ಗೆಳೆಯರಿಬ್ಬರು ಒಂದೇ ಕ್ಷಣದಲ್ಲಿ ಗುಂಡಿ ಒತ್ತಲಿ. ಹೆಸರಿನ ಜಾಗದಲ್ಲಿ ಚಿತ್ರವಿಚಿತ್ರ ಚಿಹ್ನೆ ಹಾಕಿ. ಪ್ರತಿ ಸಲವೂ ಎರವಲು ಕೋಷ್ಟಕ ಸರಿಯಾಗಿಯೇ ಉಳಿದಿದ್ದರೆ ನೀವು ಕಲಿತಿದ್ದೀರಿ ಎಂದರ್ಥ.

ಈ ಕಾಲದಲ್ಲಿ ಇದೆಲ್ಲ ಬೇಕೇ, ಕೃತಕ ಬುದ್ಧಿಮತ್ತೆಯ ಸಹಾಯಕರು ಕೇಳಿದ ತಕ್ಷಣ ಪ್ರೋಗ್ರಾಂ ಬರೆದುಕೊಡುತ್ತವಲ್ಲ ಎಂದು ನೀವು ಕೇಳಬಹುದು. ಬರೆದುಕೊಡುತ್ತವೆ, ಬಳಸಿಕೊಳ್ಳಿ. ಆದರೆ ಸಾಲುಗಳು ಬೇಗ ಬರುತ್ತವೆ ಎಂದಾಗ, ಆ ಸಾಲು ಯಾವ ಅಂತಸ್ತಿನಲ್ಲಿ ಇರಬೇಕು, ನಡುವೆ ಕರೆಂಟು ಹೋದರೆ ಏನಾಗುತ್ತದೆ ಎಂದು ಕೇಳುವವರು ಹೆಚ್ಚು ಬೇಕಾಗುತ್ತಾರೆ. ಆ ಪ್ರಶ್ನೆ ಕೇಳುವ ಅಭ್ಯಾಸ ಪ್ರಮಾಣಪತ್ರದ ಜೊತೆ ಬರುವುದಿಲ್ಲ. ಒಂದು ಪುಟ್ಟ ತಂತ್ರಾಂಶವನ್ನಾದರೂ ಬುಡದಿಂದ ತುದಿಯವರೆಗೆ ತಾನೇ ಕಟ್ಟಿದವರಿಗೆ ಬರುತ್ತದೆ.

ತಂದೆ ತಾಯಂದಿರಿಗೂ ಒಂದು ಮಾತು. ಕೋರ್ಸಿಗೆ ಸೇರಿಸುವಾಗ ಎಷ್ಟು ಭಾಷೆ ಕಲಿಸುತ್ತಾರೆ ಎಂದು ಕೇಳುವ ಬದಲು, ಕೊನೆಯಲ್ಲಿ ವಿದ್ಯಾರ್ಥಿ ತಾನೇ ಕಟ್ಟಿದ ಒಂದು ಕೆಲಸವನ್ನು ತೋರಿಸಬೇಕೇ, ಅದನ್ನು ಯಾರಾದರೂ ಕೂತು ಪರೀಕ್ಷಿಸುತ್ತಾರೆಯೇ ಎಂದು ಕೇಳಿ. ಮಗನೋ ಮಗಳೋ ರಜೆಗೆ ಬಂದಾಗ, ನೀನು ಕಟ್ಟಿದ್ದರಲ್ಲಿ ದಾಖಲೆ ಎಲ್ಲಿದೆ, ನಿಯಮ ಎಲ್ಲಿದೆ ಎಂದು ಕೇಳಿ ನೋಡಿ. ನಿಮಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಳಿದರೆ ಅವರಿಗೆ ಅರ್ಥವಾಗಿದೆ ಎಂದು ನಂಬಬಹುದು.

ಮಹಾರಾಷ್ಟ್ರದ ಭೂದಾಖಲೆಗಳ ಮುಖ್ಯ ಕಚೇರಿ ಇರುವುದೂ ಪುಣೆಯಲ್ಲಿಯೇ. 2018ರಿಂದ ಇಲ್ಲಿಯೂ ಡಿಜಿಟಲ್ ಸಹಿಯ ಸಾತ್‌ಬಾರಾ ಅಂತರ್ಜಾಲದಲ್ಲಿ ಸಿಗುತ್ತಿದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ರೈತರ ಸಾಲುಗಳೂ ಅದರಲ್ಲಿವೆ. ನಾಳೆ ನಿಮ್ಮಲ್ಲೇ ಯಾರಿಗಾದರೂ ಅಂಥ ದಾಖಲೆಗಳನ್ನು ಕಾಯುವ ಕೆಲಸ ಬರಬಹುದು. ಆ ಸಾಲಿನ ಆಚೆ ಒಬ್ಬ ಮನುಷ್ಯ ನಿಂತಿದ್ದಾನೆ ಎಂಬುದನ್ನು ನೆನಪಿಟ್ಟುಕೊಂಡು ಕೆಲಸ ಮಾಡಿ.

 ಎಂಟು ವಾರದ ಗ್ರಂಥಾಲಯವನ್ನು ಯಾರಾದರೂ ಕಟ್ಟಿದರೆ ಈ ಕಾರ್ಯಕ್ರಮಕ್ಕೆ ಬರೆದು ತಿಳಿಸಿ.